ಮಡಿಸಿಟ್ಟ ಅಂಚು

ಪೆಟ್ಟಿಗೆ ಎಡಕ್ಕೆ ವಾಲಿತು. ಆರು ಮಂದಿ ಮುದುಕರು ಅದನ್ನು ಗಾಡಿಯಿಂದ ಎಳೆದು ಹೆಗಲಿಗೇರಿಸಿದ್ದೇನೋ ಸರಿ, ಒಬ್ಬೊಬ್ಬರು ಒಂದೊಂದು ಕಾಲು ಮುಂದಿಟ್ಟು ಇಗರ್ಜಿಯ ಮೆಟ್ಟಿಲ ಬುಡದಲ್ಲೇ ಮುಗ್ಗರಿಸುವಂತಾದರು.

"ನಿಲ್ರೋ," ಅಂದ ಹಳೇ ಗೋಲ್‌ಕೀಪರ್ ಕೀತ್. "ಹೆಜ್ಜೆಗೆ ಕೂಗು ಹಾಕೋನೇ ಒಳಗೆ ಮಲಗಿದಾನೆ. ಬೇರೆ ಯಾರಾದ್ರೂ ಕೂಗ್ರಪ್ಪ."

ಯಾರಿಗೂ ನಗು ಬರಲಿಲ್ಲ. ಒಳಗೆ ಮಲಗಿದ್ದ ವಿಂಕೊ ಬಾರಿಶಿಚ್ ಹನ್ನೊಂದು ವರ್ಷ ಕಡಲು ದಾಟಿ ಬಂದ ನಮ್ಮವರು ಜಿಲಾಂಗಿನಲ್ಲಿ ಕಟ್ಟಿದ ಆಡ್ರಿಯಾ ಫುಟ್‌ಬಾಲ್ ಕ್ಲಬ್ಬಿನ ಡಿಫೆನ್ಸಿನ ನಟ್ಟನಡುವೆ ನಿಂತು "ಈಗ!" ಎಂದು ಕೂಗಿದವನು. ಅವನು ಕೂಗಿದರೆ ನಾಲ್ಕು ಜನ ಒಂದೇ ಆಳಿನಂತೆ ಮುಂದಕ್ಕೆ ನುಗ್ಗುತ್ತಿದ್ದರು.

ಸ್ಲಾವ್ಕೊ ಪೆಟ್ಟಿಗೆಯ ಎಡಗಡೆ ಹಿಂದಿನ ತುದಿಗೆ ಹೆಗಲು ಕೊಟ್ಟಿದ್ದ. ಮೈದಾನದಲ್ಲೂ ಅವನ ಜಾಗ ಅದೇ. ಯಾರೂ ಹೇಳದಿದ್ದರೂ ಬಂದು ಅಲ್ಲೇ ನಿಂತಿದ್ದ. "ಈಗ" ಅನ್ನಲು ಬಾಯಿ ತೆರೆದವನು ತುಟಿ ಮುಚ್ಚಿಕೊಂಡು ಪೆಟ್ಟಿಗೆಯನ್ನು ಇನ್ನೊಂದು ಕೈಯಿಂದಲೂ ಹಿಡಿದ. ಕೊನೆಗೆ ಕೀತನೇ ಒಂದು, ಎರಡು ಎಂದು ಎಣಿಸಿದ.

ಬಾಗಿಲಲ್ಲಿ ವಿಂಕೊನ ಹೆಂಡತಿ ನೆವೆಂಕಾ ನಿಂತಿದ್ದಳು. ಬೆಳಿಗ್ಗೆ ಅವಳೇ ಸ್ಲಾವ್ಕೊನ ಕೋಟಿಗೆ ರೋಸ್‌ಮರಿ ಗಿಡದ ಒಂದು ಕುಡಿ ಚುಚ್ಚಿದ್ದಳು. ನಮ್ಮಲ್ಲಿ ಮದುವೆಗೂ ಅದೇ ಕುಡಿ, ಸಾವಿಗೂ ಅದೇ. ನಲವತ್ತೊಂದು ವರ್ಷದ ಹಿಂದೆ ಅವಳ ಮದುವೆಗೆ ವಿಂಕೊನ ಪಕ್ಕದಲ್ಲಿ ಸಾಕ್ಷಿಯಾಗಿ ನಿಂತವನು ಸ್ಲಾವ್ಕೊ. ಹಾಗೆ ನಿಂತವನನ್ನು ನಾವು ಕೂಮ್ ಅನ್ನುತ್ತೇವೆ. ಅಣ್ಣತಮ್ಮಂದಿರು ಆಸ್ತಿಗೆ ಕಿತ್ತಾಡಬಹುದು, ಕೂಮ್ ಆದವನು ಮೋಸ ಮಾಡುವಂತಿಲ್ಲ.

ಮೆಟ್ಟಿಲು ಹತ್ತುವಾಗ ಪೆಟ್ಟಿಗೆಯ ಭಾರವೆಲ್ಲ ಹಿಂದಕ್ಕೆ ಜಾರಿ ಅವನ ಹೆಗಲ ಮೇಲೆ ಕೂತಿತು.

*

ಮೂವತ್ತೈದು ವರ್ಷದ ಹಿಂದೆ ಲೀಗಿನ ಫೈನಲ್ ನಡೆದ ದಿನ ಗಾಳಿ ಜೋರಾಗಿತ್ತು. ಆಡ್ರಿಯಾ ಅಲ್ಲಿಯವರೆಗೆ ಹೋದದ್ದು ಅದೊಂದೇ ಸಲ. ವಿಂಕೊಗೆ ಇಪ್ಪತ್ತೆಂಟು. ನಾಲ್ಕು ಸಲ ಮುರಿದ ಮೂಗು, ದೇಶದ ಹಳದಿ ಜೆರ್ಸಿಯಲ್ಲಿ ಎರಡು ಪಂದ್ಯ. ಮೂರನೆಯದಕ್ಕೆ ಕರೆಸುತ್ತೇವೆ ಅಂದಿದ್ದ ದೊಡ್ಡ ಕೋಚ್ ಅವತ್ತು ನೋಡಲು ಬಂದು ಕೂತಿದ್ದ.

ಮುಗಿಯಲು ಎರಡೇ ನಿಮಿಷ. ಯಾರ ಗೋಲೂ ಆಗಿರಲಿಲ್ಲ. ಎದುರಾಳಿಗಳ ಒಬ್ಬ ಚುರುಕಿನ ಹುಡುಗ ಸ್ಲಾವ್ಕೊನ ಪಕ್ಕದಲ್ಲೇ ಸುಳಿದಾಡುತ್ತಿದ್ದ. ಅವನ ಕಡೆಯವರು ಅವನಿಗೆ ಚೆಂಡು ಹೊಡೆಯುವ ಗಳಿಗೆಯಲ್ಲಿ ನಾಲ್ವರೂ ಮುಂದಕ್ಕೆ ಬಂದುಬಿಟ್ಟರೆ ಅವನೊಬ್ಬನೇ ಗೋಲಿನ ಕಡೆ ಉಳಿಯುತ್ತಾನೆ. ಅದು ಆಫ್‌ಸೈಡ್, ಗೋಲು ಹೊಡೆದರೂ ನಡೆಯುವುದಿಲ್ಲ. ಆದರೆ ನಾಲ್ವರಲ್ಲಿ ಒಬ್ಬ ಹಿಂದೆ ಉಳಿದರೂ ಎಲ್ಲ ಕೆಟ್ಟಿತು. ಅದಕ್ಕೇ ವಿಂಕೊ ಅಭ್ಯಾಸದಲ್ಲಿ ದಿನಾ ಹೇಳುತ್ತಿದ್ದ: "ನಾನು ಕೂಗಿದ್ರೆ ಹಿಂದೆ ನೋಡ್ಬೇಡ ಸ್ಲಾವ್ಕೊ, ಬಾ. ನೋಡೋ ಕೆಲಸ ನಂದು."

"ಈಗ!" ಅಂದ ವಿಂಕೊ.

ಸ್ಲಾವ್ಕೊ ಹಿಂದೆ ನೋಡಿದ.

ನೋಡಿದ್ದಕ್ಕೆ ಹಿಡಿದದ್ದು ಒಂದು ಹೆಜ್ಜೆಯ ಹೊತ್ತು. ಮೂವರು ಮುಂದೆ ಹೋದರು, ಅವನು ಹಿಂದೆ ಉಳಿದ. ವಿಂಕೊ ಬಲಗೈ ಆಕಾಶಕ್ಕೆತ್ತಿ ರೆಫ್ರಿಯ ಸೀಟಿಗೆ ಕಾಯುತ್ತ ನಿಂತೇ ಇದ್ದ, ಹುಡುಗ ಓಡಿಹೋಗಿ ಚೆಂಡನ್ನು ಬಲೆಗೆ ತಳ್ಳಿದ. ಕೀತನ ಕಣ್ಣು ಚೆಂಡಿನ ಮೇಲಿತ್ತು, ಟೀವಿಯವರ ಕಣ್ಣೂ ಅಲ್ಲೇ. ಜನ ಮೊದಲು ರೆಫ್ರಿಗೆ ಬೈದರು, ಆಮೇಲೆ ವಿಂಕೊಗೆ. ಬೇಗ ಕೂಗಿಬಿಟ್ಟ, ಓಡೋದು ಬಿಟ್ಟು ಕೈ ಎತ್ತಿ ನಿಂತ ಅಂದರು. ಕ್ಲಬ್ಬಿನಲ್ಲಿ ಬಿಯರ್ ಬೇಕಾದವರು ಬಲಗೈ ಎತ್ತಿ ಕಣ್ಣು ಹೊಡೆಯುವುದು ಒಂದು ತಮಾಷೆಯಾಯಿತು. ಮೂರನೇ ಪಂದ್ಯಕ್ಕೆ ಕರೆ ಬರಲಿಲ್ಲ. ಮರುವರ್ಷ ತೋಳಿನ ನಾಯಕನ ಪಟ್ಟಿ ಹೋಯಿತು, ಅದರ ಮರುವರ್ಷ ಕ್ಲಬ್ಬೂ ಅವನನ್ನು ಕೈಬಿಟ್ಟಿತು. ಕರಾವಳಿಯ ಸಣ್ಣಪುಟ್ಟ ತಂಡಗಳಲ್ಲಿ ಮೂವತ್ತೈದರವರೆಗೆ ಆಡಿ, ಆಮೇಲೆ ಕಾರಿನ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವ ಕೆಲಸಕ್ಕೆ ಸೇರಿಕೊಂಡ.

*

ಮಣ್ಣು ಮಾಡಿ ಬಂದು ಎಲ್ಲರೂ ಕ್ಲಬ್ಬಿನ ಹಾಲ್‌ನಲ್ಲಿ ಸೇರಿದರು. ಉಪ್ಪುಮೀನಿನ ಸಾರು, ಎಲೆಕೋಸಿನಲ್ಲಿ ಸುತ್ತಿ ಬೇಯಿಸಿದ ಮಾಂಸ, ಸಣ್ಣ ಲೋಟಗಳಲ್ಲಿ ರಾಕಿಯಾ ಸಾರಾಯಿ. ನೆವೆಂಕಾ ತನ್ನ ಬಲಗಡೆಯ ಕುರ್ಚಿಯಲ್ಲಿ ಸ್ಲಾವ್ಕೊನನ್ನು ಕೂರಿಸಿಕೊಂಡಳು. ಕೂಮ್ ಕೂರುವ ಜಾಗ ಅದು.

ಎದುರು ಗೋಡೆಯ ಮೇಲೆ ಆ ಗಳಿಗೆಯ ಫೋಟೊ ಇತ್ತು. ಕೈ ಎತ್ತಿದ ವಿಂಕೊ, ಪಕ್ಕದಲ್ಲಿ ಇಬ್ಬರು ಡಿಫೆಂಡರುಗಳು, ಗಾಳಿಯಲ್ಲಿ ಚೆಂಡು.

ನೆವೆಂಕಾ ಮೆಲ್ಲಗೆ ಮಾತಾಡುತ್ತಿದ್ದಳು. ವರ್ಷಗಟ್ಟಲೆ ತಲೆಯಿಂದ ಚೆಂಡು ಹೊಡೆದದ್ದಕ್ಕೇ ಮಿದುಳು ಹೀಗಾಯಿತು ಎಂದು ಡಾಕ್ಟರು ಹೇಳಿದರಂತೆ. ಕೊನೆಕೊನೆಗೆ ಮಗಳ ಹೆಸರೂ ನೆನಪಿರಲಿಲ್ಲ, ಆದರೆ ಮಲಗಿದಲ್ಲೇ ಬಲಗೈ ಮೇಲೇಳುತ್ತಿತ್ತು. ಅವಳು ಕೆಳಗಿಡುವಳು, ಅದು ಮತ್ತೆ ಏಳುವುದು.

"ಪೆಟ್ಟಿಗೇಲಿ ಮಲಗಿಸಿದ ಮೇಲೂ ಎಲ್ಲಿ ಎದ್ದುಬಿಡುತ್ತೋ ಅಂತ ಭಯ ಆಯ್ತು ಕೂಮ್. ಜಪಮಾಲೆ ಮೂರು ಸುತ್ತು ಸುತ್ತಿದೀನಿ."

ಸ್ಲಾವ್ಕೊ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

*

ಹೋದ ತಿಂಗಳು ಆಸ್ಪತ್ರೆಯಲ್ಲಿ ಅವನೂ ಆ ಕೈ ನೋಡಿದ್ದ. ಮಧ್ಯಾಹ್ನದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ವಿಂಕೊ ಕಣ್ಣು ಬಿಟ್ಟು ಅವನನ್ನೇ ನೋಡಿದ. ಆ ಕಣ್ಣು ಅಷ್ಟು ತಿಳಿಯಾಗಿದ್ದದ್ದನ್ನು ಸ್ಲಾವ್ಕೊ ಕಂಡು ವರ್ಷವಾಗಿತ್ತು.

"ಸ್ಲಾವ್ಕೊ, ನೀನು ಪಕ್ಕದಲ್ಲೇ ಇದ್ದೆ. ನಿಜ ಹೇಳು. ಬೇಗ ಕೂಗಿಬಿಟ್ನಾ?"

ಹೇಳಿಬಿಡಬಹುದಿತ್ತು. ಕೇಳಿದವನು ಇನ್ನು ಹತ್ತು ನಿಮಿಷಕ್ಕೆ ಮರೆಯುವವನು, ಹೇಳಿದ್ದು ಆ ಕೋಣೆಯಿಂದಾಚೆ ಹೋಗುವ ಹಾಗೂ ಇರಲಿಲ್ಲ. ಆದರೂ ಮೂವತ್ತೈದು ವರ್ಷ ಅಭ್ಯಾಸವಾದ ನಾಲಿಗೆ ತಾನೇ ಹೊರಳಿತು.

"ಒಂಚೂರು ಬೇಗ ಕಣೋ. ಅಷ್ಟೇ."

ವಿಂಕೊ ತಲೆಯಾಡಿಸಿದ. "ಹೌದು, ನಂಗೂ ಹಾಗೇ ಅನ್ಸುತ್ತೆ," ಅಂದು ಗೋಡೆಯ ಕಡೆ ತಿರುಗಿ ಮಲಗಿದ. ಸ್ವಲ್ಪ ಹೊತ್ತಿಗೆ ಕೈ ತಾನಾಗಿ ಮೇಲೆದ್ದಿತು.

*

"ನೆವೆಂಕಾ, ಅವನು ಬೇಗ ಕೂಗಿರ್ಲಿಲ್ಲ," ಅಂದ ಸ್ಲಾವ್ಕೊ. "ಸರಿಯಾಗೇ ಕೂಗ್ದ. ನಾನು ಹಿಂದೆ ಉಳಿದೆ. ಹಿಂದೆ ತಿರುಗಿ ನೋಡಿದೆ. ತಪ್ಪು ನಂದು."

ಮಾತು ಮೇಜಿನ ಉದ್ದಕ್ಕೂ ಕೇಳಿಸಿತು. ಕೀತ್ ಬಾಯಿಗಿಟ್ಟ ಬ್ರೆಡ್ಡನ್ನು ಅಗಿಯುವುದು ನಿಲ್ಲಿಸಿದ. ನೆವೆಂಕಾ ಮಾತ್ರ ಅವನ ಕೈ ಹಿಡಿದು ತಟ್ಟಿದಳು. ಅವಳ ಕಣ್ಣು ತುಂಬಿತ್ತು.

"ಸತ್ತೋರ ಭಾರಾನ ನಿನ್ನ ಮೇಲೆ ಹಾಕ್ಕೋತೀಯಲ್ಲ, ನಿನ್ನಂಥ ಕೂಮ್ ಯಾರಿಗೆ ಸಿಗ್ತಾನೆ. ಬೇಡ ಬಿಡು. ಅವರೇ ಒಪ್ಕೊಂಡಿದ್ರು."

"ಇಲ್ಲ, ನಾನೇ..."

"ಗೊತ್ತು, ಗೊತ್ತು. ಊಟ ಮಾಡು."

ಸುತ್ತಲಿನವರು ಮೆಚ್ಚಿ ತಲೆದೂಗಿದರು. ಯಾರೋ ಅವನ ಬೆನ್ನು ಸವರಿದರು. ಅಷ್ಟು ವರ್ಷ ಬಚ್ಚಿಟ್ಟ ಮಾತು ಹೊರಗೆ ಬಂದರೆ ಜನ ಉಗಿಯುತ್ತಾರೆಂದು ಅವನು ಹೆದರಿದ್ದ, ಹೀಗೆ ಹೊಗಳುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಸುಮ್ಮನೆ ಕೂತು ಊಟ ಮಾಡಿದರೆ ಮುಗಿಯಿತು. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಎದ್ದು ಹೋಗಿ ಗೋಡೆಯಿಂದ ಫೋಟೊ ಇಳಿಸಿದ. ಆ ಚೌಕಟ್ಟು ಮಾಡಿದವನೂ ಅವನೇ. ಪತ್ರಿಕೆಯವರು ಕಳಿಸಿದ ಫೋಟೊವನ್ನು, ಬಡಗಿಯ ಕೆಲಸ ಗೊತ್ತಿದೆಯೆಂದು, ಕ್ಲಬ್ಬಿನವರು ಕಟ್ಟು ಬಿಚ್ಚದೆ ಅವನ ಕೈಗೇ ಕೊಟ್ಟಿದ್ದರು. ಹಿಂದಿನ ಹಲಗೆಯ ಮೊಳೆಗಳನ್ನು ಊಟದ ಚಾಕುವಿನಿಂದ ಒಂದೊಂದಾಗಿ ಮೀಟಿದ. ಫೋಟೊದ ಎಡ ಅಂಚು ನಾಲ್ಕು ಬೆರಳಗಲ ಹಿಂದಕ್ಕೆ ಮಡಿಸಿಕೊಂಡಿತ್ತು. ಅದನ್ನು ಬಿಡಿಸಿ ನೆವೆಂಕಾಳ ತಟ್ಟೆಯ ಪಕ್ಕದಲ್ಲಿಟ್ಟು, ಮತ್ತೆ ಮಡಿಸಿಕೊಳ್ಳದ ಹಾಗೆ ಅಂಗೈಯಿಂದ ಒತ್ತಿ ಹಿಡಿದ.

ಉಳಿದ ಫೋಟೊ ಹಳದಿಗಟ್ಟಿತ್ತು. ಬೆಳಕು ಕಾಣದ ಆ ಅಂಚು ಮಾತ್ರ ಹೊಸದರಂತೆ ಇತ್ತು. ಅದರಲ್ಲಿ ಆ ಹುಡುಗ ಓಡುತ್ತಿದ್ದ. ಅವನಿಗಿಂತ ಒಂದು ಹೆಜ್ಜೆ ಗೋಲಿಗೆ ಹತ್ತಿರದಲ್ಲಿ, ಇಪ್ಪತ್ತಾರರ ಸ್ಲಾವ್ಕೊ ಕತ್ತು ತಿರುಗಿಸಿ ನಿಂತಿದ್ದ.

ನೆವೆಂಕಾ ಕನ್ನಡಕ ಹಾಕಿಕೊಂಡಳು. ಬೆರಳನ್ನು ವಿಂಕೊನ ಎತ್ತಿದ ಕೈಯಿಂದ ಶುರುಮಾಡಿ, ಮಡಿಕೆಯ ಗೆರೆ ದಾಟಿಸಿ, ಆ ಕತ್ತಿನವರೆಗೆ ನಿಧಾನವಾಗಿ ತಂದಳು.

"ಮಡಿಸಿದ್ದು ನೀನಾ?"

"ನಾನೇ."

ಅವಳು ಎದ್ದು ನಿಂತು ಅವನ ಎದೆಗೆ ಕೈ ಹಾಕಿದಳು. ಹೊಡೆಯುತ್ತಾಳೆಂದು ಅವನು ಕಣ್ಣು ಮುಚ್ಚಿದ. ಅವಳು ಕೋಟಿನಿಂದ ಪಿನ್ನು ಬಿಚ್ಚಿ ರೋಸ್‌ಮರಿಯ ಕುಡಿಯನ್ನು ತೆಗೆದುಕೊಂಡಳು, ಅದನ್ನು ಫೋಟೊದಲ್ಲಿ ಎತ್ತಿದ ಕೈಯ ಮೇಲಿಟ್ಟು ಕೂತಳು. ಬಲಗಡೆಯ ಕುರ್ಚಿ ಖಾಲಿಯೇ ಇತ್ತು. ಸ್ಲಾವ್ಕೊ ನಿಂತೇ ಇದ್ದ. ಕೋಟಿನ ಎದೆಯ ಮೇಲೆ ಪಿನ್ನಿನ ಎರಡು ತೂತು ಕಾಣುತ್ತಿದ್ದವು.