ಮಮತಾಳ ಬೆರಳು, ಕೋತಿಯ ರಕ್ತ

ನಮ್ಮೂರ ಕೋತಿಗಳ ಕಾಟ ಹೇಳಿದರೆ ನೀವು ನಂಬುವುದಿಲ್ಲ. ಕಡಲೆಕಾಯಿ ಕಿತ್ತು ಕಣಕ್ಕೆ ಹಾಕಿದರೆ ಸಾಕು, ಅಮರಾಪುರದ ಬಸ್ಸಿನಿಂದ ಇಳಿದ ಹಾಗೆ ಸಾವಿರ ಕೋತಿ ಬರುತ್ತವೆ. ಅದರಲ್ಲೊಂದು ಕಿವಿ ಹರಿದದ್ದು. ಹನುಮಪ್ಪನ ರೂಪ ಎಂದು ನನ್ನ ಸೊಸೆ ಮಮತಾ ಅದಕ್ಕೆ ಬಿಸ್ಕತ್ತು ಕೊಡಲು ಹೋದಳು. ಅದು ಬಿಸ್ಕತ್ತು ಬಿಟ್ಟು ಬೆರಳು ಕಚ್ಚಿತು.

ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಹೊಲಿಯುವ ಬೆರಳು. ನಾನು ಅರಿಶಿನ ಮೆತ್ತಿದೆ. ಅವಳು ಬಟ್ಟೆ ಚೂರು ಸುತ್ತಿಕೊಂಡಳು.

"ಆಸ್ಪತ್ರೇಲಿ ಸೂಜಿ ಹಾಕಿಸ್ಕೊಂಡು ಬರ್ಲಾ ಅತ್ತೆ?"

"ದಿನಾ ಸೂಜಿ ಮುಂದೇನೇ ಕೂತ್ಕಂತೀಯ, ಇನ್ನೂ ಯಾವ ಸೂಜಿ ಬೇಕೇ ನಿಂಗೆ? ರಜಾ ಹಾಕಿದ್ರೆ ಸೂಪರ್‌ವೈಜರ್ ಕೋತಿಗಿಂತ ಜೋರಾಗಿ ಕಚ್ತಾನೆ!"

ಅವಳನ್ನು ನಗಿಸಿದೆ. ಆದರೆ ನನಗೆ ಊಟ ಸೇರಲಿಲ್ಲ. ಪ್ರಾಣಿ ಕಚ್ಚಿ ಹುಚ್ಚು ಹತ್ತಿದವರು ನೀರಿಗೆ ಹೆದರುತ್ತಾರಂತೆ. ಅವಳು ಲೋಟ ಎತ್ತಿದಾಗಲೆಲ್ಲ ಕುಡಿಯುತ್ತಾಳಾ ಎಂದು ಕದ್ದು ನೋಡುತ್ತಿದ್ದೆ.

ಮಾರನೆಯ ಬೆಳಿಗ್ಗೆ ಗುಡಿಯ ಹತ್ತಿರ ದನದ ಡಾಕ್ಟರ ಜೀಪು ಬಂತು. ಕೋತಿಗಳನ್ನು ಬೋನಿಗೆ ಹಿಡಿದು, ಮಂಪರು ಬರಿಸಿ, ಸ್ವಲ್ಪ ರಕ್ತ ತೆಗೆಯುತ್ತಿದ್ದರು. ಪಕ್ಕದ ಮನೆಯ ವೆಂಕಟಪ್ಪ ಕೋಲು ಹಿಡಿದು ನಿಂತಿದ್ದ.

"ಹನುಮಪ್ಪನ ರಕ್ತ ಹೀರ್ತೀರಾ?"

"ನಿಂಗೆ ಜ್ವರ ಬಂದ್ರೆ ರಕ್ತ ತೆಗೆಯಲ್ವಾ ಅಣ್ಣ?" ಎಂದಳು ಡಾಕ್ಟರ್ ಮಾಧವಿ. "ಇದೂ ಹಂಗೇ. ಮೈಯಾಗೆ ರಕ್ತ ಎಷ್ಟೈತೆ, ಏನೇನು ಕಾಯಿಲೆ ತಗಲೈತೆ ಅಂತ ತಿಳೀತೈತೆ. ಎಚ್ಚರ ಆದ್ಮೇಲೆ ಇಲ್ಲೇ ಬಿಡ್ತೀವಿ."

ಬೋನಿನಲ್ಲಿ ನೋಡುತ್ತೇನೆ, ಆ ಕಿವಿಹರುಕ! ನನಗೆ ಹೋದ ಜೀವ ಬಂತು.

"ಡಾಕ್ಟ್ರಮ್ಮ, ಇವನ ರಕ್ತ ಮೊದ್ಲು ನೋಡವ್ವ. ಚೆನ್ನಾಗೈತೆ ಅಂದ್ರೆ ನನ್ ಸೊಸೆಗೆ ಸೂಜಿ ಉಳೀತು."

ಮಾಧವಿಯ ಮುಖ ಕಪ್ಪಿಟ್ಟಿತು. "ಕಚ್ಚಿದ್ದು ಯಾವಾಗಜ್ಜಿ?"

"ನಿನ್ನೆ. ಅರಿಶಿನ ಮೆತ್ತೀನಿ."

"ಅಯ್ಯೋ! ಹುಚ್ಚಿನ ರೋಗ ಈ ರಕ್ತದಾಗೆ ಕಾಣಲ್ಲ ಅಜ್ಜಿ. ರಿಪೋರ್ಟ್ ನಂಬ್ಕಂಡು ಕೂರಬ್ಯಾಡ. ಆ ರೋಗ ಮೈಮೇಲೆ ಕಾಣಿಸ್ಕಂಡ್ರೆ ಆಮೇಲೆ ಯಾವ ಔಷಧೀನೂ ಉಳಿಸಲ್ಲ. ಅರಿಶಿನ ತೆಗೀರಿ. ಸೋಪು ಹಾಕಿ, ಹರಿಯೋ ನೀರಾಗೆ ಕಾಲು ಗಂಟೆ ತೊಳೀರಿ. ಈಗ್ಲೇ ಆಸ್ಪತ್ರೆಗೆ ನಡೀರಿ!"

ಅಷ್ಟರಲ್ಲಿ ಗಾರ್ಮೆಂಟ್ಸ್ ವ್ಯಾನಿನ ಹಾರನ್ ಕೇಳಿಸಿತು. ನನ್ನ ಎದೆಬಡಿತ ಮಡಕಶಿರದ ತನಕ ಕೇಳಿಸಿರಬೇಕು. ಓಡಿದೆ. ಮಮತಾ ಒಂದು ಕಾಲು ಒಳಗಿಟ್ಟಿದ್ದಳು. ನಾನು ವ್ಯಾನಿಗೆ ಅಡ್ಡ ನಿಂತೆ.

"ಇಳಿಯೇ ಕೆಳಗೆ!"

"ಕೆಲ್ಸ ಹೋಗ್ತೈತೆ ಅತ್ತೆ!"

"ಹೋದ್ರೆ ಇನ್ನೊಂದು ಸಿಗ್ತೈತೆ. ನನ್ ಬೈಗುಳ ತಿಂದು ನಗೋ ಸೊಸೆ ನಂಗೆಲ್ಲಿ ಸಿಗ್ತಾಳೆ?"

ಇಳಿದಳು. ಬೆರಳು ತೊಳೆಸಿ ಮಾಧವಿಯ ಜೀಪಿನಲ್ಲೇ ಹೊರಟೆವು. ಆಸ್ಪತ್ರೆಯಲ್ಲಿ ಗಾಯದ ಸುತ್ತ ಸೂಜಿ ಹಾಕಿದರು, ತೋಳಿಗೂ ಹಾಕಿದರು. ಮುಂದಿನ ಸೂಜಿಗೆ ಹೇಳಿದ ದಿನ ಒಂದನ್ನೂ ತಪ್ಪಿಸಲು ನಾನು ಬಿಡಲಿಲ್ಲ. ಲೋಟ ನೋಡುವುದನ್ನೂ ಬಿಡಲಿಲ್ಲ.

ಕೊನೆಯ ಸೂಜಿಯ ದಿನ ಮಮತಾ ನನ್ನ ಮುಂದೆ ಬಂದು ನಿಂತು, ಒಂದು ಚೊಂಬು ನೀರು ಗಟಗಟ ಕುಡಿದಳು.

"ಕಣ್ತುಂಬ ನೋಡ್ಕಳಿ ಅತ್ತೆ. ಇನ್ನ ಕದ್ದು ನೋಡಬ್ಯಾಡಿ."

ಕಿವಿಹರುಕನ ರಿಪೋರ್ಟೂ ಬಂತು. ಅವನಿಗೆ ರಕ್ತ ಕಡಿಮೆಯಂತೆ, ನನ್ನ ಹಾಗೆ. ಎಚ್ಚರವಾದ ಕೋತಿಗಳನ್ನು ಅಲ್ಲೇ ಬಿಟ್ಟದ್ದು ಕಂಡ ಮೇಲೆ, ಈಗ ಬೋನು ಹೊರುವವನು ಆ ಕೋಲು ಹಿಡಿದಿದ್ದ ವೆಂಕಟಪ್ಪನೇ.

ಅಕ್ಕತಂಗೀರಾ, ರಕ್ತ ತೆಗೆಯಲು ಬಂದವರನ್ನು ಓಡಿಸಬೇಡಿ. ಕೋತಿಯ ಕಾಯಿಲೆ ತಿಳಿದರೆ ನಮಗೂ ಒಳ್ಳೆಯದು. ಕೋತಿಗೆ ಕೈಯಿಂದ ತಿನ್ನಿಸಬೇಡಿ. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ತೊಳೆದು ಆಗಲೇ ಆಸ್ಪತ್ರೆಗೆ ಹೋಗಿ. ವ್ಯಾನು ನಾಳೆಯೂ ಬರುತ್ತದೆ.