ಬದಲಾಯಿಸಲು ಏಳು ದಿನ

"ಬ್ರೇಕು ಇಷ್ಟು ಮೆತ್ತಗಿದ್ರೆ ಆಗಲ್ಲ," ಎಂದಳು ಮಗಳು, ಪ್ರದರ್ಶನಕ್ಕಿಟ್ಟಿದ್ದ ಕುರ್ಚಿಯಲ್ಲಿ ಕೂತು ಪೆಡಲನ್ನು ಮೂರನೇ ಸಲ ತುಳಿಯುತ್ತಾ. "ಇದರಪ್ಪನಂಥದ್ದು ಇದ್ರೆ ತೋರ್ಸಿ."

ನೀಲಿ ಟೈ ಕಟ್ಟಿಕೊಂಡಿದ್ದ ಸೇಲ್ಸ್‌ಮನ್ ನಕ್ಕ. "ಮೇಡಂ, ಇದು ಆಟದ ಸ್ಟೀರಿಂಗು. ನಿಜವಾದ ಗಾಡಿ ಅಲ್ಲ."

"ಆಡೋರು ನಿಜವಾದ ಡ್ರೈವರು."

'ನಿಮ್ಮ ಅಪ್ಪನಿಗಾಗಿ' ಎಂದು ದೊಡ್ಡಕ್ಷರದಲ್ಲಿ ಬರೆದ ಫಲಕದ ಕೆಳಗೆ ಗೋಡೆಯುದ್ದಕ್ಕೂ ಟಿವಿಗಳು ಓಡುತ್ತಿದ್ದವು. ಎಲ್ಲದರಲ್ಲೂ ಒಂದೇ ಜಲಪಾತ. ಅದರ ಪಕ್ಕ ಸ್ಪೀಕರುಗಳು, ಹೆಡ್‌ಫೋನುಗಳು, ಕಣ್ಣಿಗೆ ಕಟ್ಟಿಕೊಳ್ಳುವ ಕನ್ನಡಕದಂಥ ಪೆಟ್ಟಿಗೆಗಳು. ಒಳಗೆ ಕಾಲಿಡುತ್ತಿದ್ದಂತೆ ಸೇಲ್ಸ್‌ಮನ್ "ಅಪ್ಪನಿಗೆ ಏನಿಷ್ಟ ಮೇಡಂ?" ಎಂದು ಕೇಳಿದ್ದ. ಅವಳು ಒಂದು ಕ್ಷಣವೂ ಯೋಚಿಸದೆ "ಬಸ್ಸು" ಎಂದಿದ್ದಳು.

ಅವಳಿಗೆ ಲಿಫ್ಟ್ ರಿಪೇರಿ ಕೆಲಸ. ಮೇಜಿನ ಅಂಚಿಗೆ ಸ್ಟೀರಿಂಗನ್ನು ಕಚ್ಚಿಸುವ ಕ್ಲ್ಯಾಂಪನ್ನು ತಿರುಗಿಸಿ ನೋಡಿದಳು, ತಿರುಪಿನ ಹಲ್ಲು ಸವೆಯುವಂಥದ್ದೋ ಎಂದು ಉಗುರಿನಿಂದ ಕೆರೆದಳು. ಎರಡನ್ನು ತಳ್ಳಿಹಾಕಿದಳು. ಮೂರನೆಯದರ ಬ್ರೇಕು ಕಾಲಿಗೆ ಎದುರು ಒತ್ತುತ್ತಿತ್ತು. ಅಷ್ಟರಲ್ಲಿ ಬೇರೆ ಊರಿನಲ್ಲಿದ್ದ ತಮ್ಮ ಫೋನು ಮಾಡಿದ.

"ಅಕ್ಕಾ, ಸುಮ್ನೆ ಒಂದು ದೊಡ್ಡ ಟಿವಿ ತಗೊಂಡುಬಿಡು. ಅಪ್ಪಂದಿರಿಗೆ ಇನ್ನೇನು ಬೇಕು?"

"ಟಿವಿ ಮುಂದೆ ಕೂರಿಸಿಬಿಟ್ರೆ ಅಲ್ಲೇ ಬೇರು ಬಿಡ್ತಾನೆ. ಕೈಕಾಲು ಆಡಿಸೋಕೆ ಏನಾದ್ರೂ ಬೇಕು ಅವನಿಗೆ," ಎಂದು ಫೋನಿಟ್ಟು, "ಇದನ್ನೇ ಕಟ್ಟಿ. ಬಸ್ ಓಡಿಸೋ ಆಟಾನೂ ಹಾಕಿ," ಎಂದಳು.

ಅಪ್ಪ ಮೂವತ್ತೊಂದು ವರ್ಷ ನಗರದ ಬಸ್ಸು ಓಡಿಸಿದವನು. ಡಿಪೋದಲ್ಲಿ ಅವನಿಗೆ 'ಗಡಿಯಾರ' ಎಂದೇ ಹೆಸರು. ಅವನ ಬಸ್ಸು ತಿರುವು ತೆಗೆದುಕೊಂಡಾಗ ಅಂಗಡಿಯವರು ಬಾಗಿಲು ತೆಗೆಯುತ್ತಿದ್ದರಂತೆ. ಎಂಟು ತಿಂಗಳ ಹಿಂದೆ, ವರ್ಷಕ್ಕೊಮ್ಮೆ ನಡೆಯುವ ಕಣ್ಣಿನ ತಪಾಸಣೆಯಲ್ಲಿ, ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಎರಡೂ ಪಕ್ಕದ ನೋಟ ಹೋಗಿದೆ, ಎದುರಿನದು ಮಾತ್ರ ಉಳಿದಿದೆ ಎಂದು ಡಾಕ್ಟರು ಹೇಳಿದರು. ಹನಿ ಔಷಧಿ ಬಿಟ್ಟುಕೊಂಡರೆ ಇದ್ದದ್ದು ಇದ್ದಹಾಗೆ ಉಳಿಯುತ್ತದೆ, ಹೋದದ್ದು ಬರುವುದಿಲ್ಲ. ಮರುದಿನವೇ ಡಿಪೋದವರು ಅವನನ್ನು ಸೀಟಿನಿಂದ ಇಳಿಸಿದರು. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು.

"ಒಂದು ಗೀರು ಬಿದ್ದಿಲ್ಲ ನನ್ನ ಗಾಡಿಗೆ. ಯಾವನೋ ಮಿಷಿನ್ನಲ್ಲಿ ಚುಕ್ಕಿ ತೋರಿಸಿ ಕಾಣ್ತಾ ಅಂತ ಕೇಳ್ದ. ಚುಕ್ಕಿ ಕಾಣದಿದ್ರೆ ರಸ್ತೆ ಕಾಣಲ್ವಾ?" ಎಂದು ಅಪ್ಪ ದಿನಕ್ಕೆರಡು ಸಲವಾದರೂ ಹೇಳುತ್ತಿದ್ದ. ಅಂದಿನಿಂದ ಅವನು ಆಸ್ಪತ್ರೆಗಲ್ಲದೆ ಮನೆ ಬಿಟ್ಟು ಕದಲಿರಲಿಲ್ಲ. ಅಲ್ಲಿಗೂ ಬಸ್ಸು ಹತ್ತಲು ಒಪ್ಪದೆ ಬಾಡಿಗೆ ಕಾರಿನಲ್ಲಿ ಮುದುಡಿ ಕೂತು ಹೋಗಿಬರುತ್ತಿದ್ದ. "ಇನ್ನೊಬ್ಬ ಓಡಿಸೋ ಬಸ್ಸಲ್ಲಿ ಟಿಕೆಟ್ ತಗೊಂಡು ಕೂತ್ಕೊಳ್ಳೋ ಸ್ಥಿತಿ ಬಂದಿಲ್ಲ ನನಗೆ," ಎನ್ನುತ್ತಿದ್ದ. ಮಗಳು ವಾದಕ್ಕಿಳಿಯುತ್ತಿರಲಿಲ್ಲ. ಡಿಪೋದವರು ಅನ್ಯಾಯ ಮಾಡಿದರು ಎಂದೇ ಅವಳೂ ನಂಬಿದ್ದಳು.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಅಂಚಿಗೆ ಸ್ಟೀರಿಂಗ್ ಕಚ್ಚಿಸಿ, ಪೆಡಲುಗಳ ಕೆಳಗೆ ರಬ್ಬರಿನ ಹಾಸು ಹಾಕಿ, ಟಿವಿಗೆ ತಂತಿ ಸಿಕ್ಕಿಸಿ ಅಪ್ಪನನ್ನು ಕರೆದಳು. ಅಪ್ಪ ಬಂದು ನಿಂತು, ಸ್ಟೀರಿಂಗಿನ ಮೇಲೆ ಅಂಗೈ ಆಡಿಸಿದ.

"ಇದೇನೇ ಇದು? ನಾನೇನು ಚಿಕ್ಕ ಮಗುವಾ?"

"ಕೂತ್ಕೋ ಅಪ್ಪಾ. ಚೆನ್ನಾಗಿಲ್ಲ ಅಂದ್ರೆ ಬೈ."

ಕೂತ. ಕುರ್ಚಿಯನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಸರಿಸಿದ. ಅವನ ಕೈ ತಾನಾಗಿ ಮೇಲೆದ್ದು, ಅಲ್ಲಿಲ್ಲದ ಕನ್ನಡಿಯನ್ನು ಸರಿಮಾಡಲು ಹೋಗಿ, ಗಾಳಿಯಲ್ಲೇ ನಿಂತು ಕೆಳಗಿಳಿಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ತೆರೆಯ ಮೇಲೆ ರಸ್ತೆ ತೆರೆದುಕೊಂಡಿತು. ಅಪ್ಪ ಗಾಡಿ ಹೊರಡಿಸಿದ ರೀತಿಗೆ ಮಗಳ ಮೈ ಜುಮ್ಮೆಂದಿತು. ಎಳೆತವಿಲ್ಲ, ಜಗ್ಗಾಟವಿಲ್ಲ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಮೊದಲನೇ ನಿಲ್ದಾಣದಲ್ಲಿ ಬಸ್ಸು ಗೆರೆಗೆ ಸರಿಯಾಗಿ ನಿಂತಿತು.

"ರೀ, ನಾನೂ ಹತ್ತಲಾ?" ಎಂದಳು ಅಮ್ಮ.

"ಚಿಲ್ಲರೆ ಇದ್ರೆ ಹತ್ತು," ಎಂದ ಅಪ್ಪ. ಎಂಟು ತಿಂಗಳಲ್ಲಿ ಅವನು ಮಾಡಿದ ಮೊದಲ ತಮಾಷೆ ಅದು.

ಎರಡನೇ ತಿರುವಿನಲ್ಲಿ, ತೆರೆಯ ಎಡ ಅಂಚಿನಲ್ಲಿದ್ದ ಅಂಗಡಿಯೊಂದರ ಮುಂದಿನಿಂದ ಒಂದು ಸೈಕಲ್ಲು ಹೊರಟಿತು. ಅವಸರವಿಲ್ಲದೆ ರಸ್ತೆಗಿಳಿದು ನೇರ ಬಸ್ಸಿನ ದಾರಿಗೆ ಬರುತ್ತಿತ್ತು. ಅಪ್ಪ ವೇಗ ಇಳಿಸಲಿಲ್ಲ.

"ರೀ, ಸೈಕಲ್ಲು!"

"ಎಲ್ಲಿ?"

ದಡ್ ಎಂಬ ಸದ್ದಾಯಿತು. ತೆರೆ ಕಪ್ಪಾಗಿ, 'ಮತ್ತೊಮ್ಮೆ ಪ್ರಯತ್ನಿಸಿ' ಎಂಬ ಅಕ್ಷರಗಳು ಮೂಡಿದವು.

ಅಪ್ಪ ಸ್ಟೀರಿಂಗ್ ಬಿಡಲಿಲ್ಲ. "ಎಲ್ಲಿಂದ ಬಂದ ಅವನು?"

ಅಮ್ಮ ಮಗಳ ಮುಖ ನೋಡಿದಳು. ಮಗಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅಂಗಡಿ ಮುಂದಿಂದ ಹೊರಟು ಬರ್ತಾನೇ ಇದ್ದ ಅಪ್ಪಾ. ನಾವು ಆಗ್ಲಿಂದ ನೋಡ್ತಿದ್ವಿ."

"ಇನ್ನೊಂದ್ಸಲ ಹಾಕು," ಎಂದ ಅಪ್ಪ.

ಈ ಸಲ ಅವನು ಮುಂದಕ್ಕೆ ಬಾಗಿ, ಹುಬ್ಬು ಗಂಟಿಕ್ಕಿ, ಅರ್ಧ ವೇಗದಲ್ಲಿ ಓಡಿಸಿದ. ಸೈಕಲ್ಲಿನವನನ್ನು ದಾಟಿದ. ಮುಂದಿನ ಅಡ್ಡರಸ್ತೆಯಲ್ಲಿ ಬಲಗಡೆಯಿಂದ ಒಬ್ಬ ಹೆಂಗಸು ಮಗುವಿನ ಗಾಡಿ ತಳ್ಳಿಕೊಂಡು ಬಂದಳು. ಈ ಬಾರಿ ಕೂಗುವುದಕ್ಕೂ ಯಾರಿಗೂ ಧೈರ್ಯ ಬರಲಿಲ್ಲ.

ಅಪ್ಪ ತಾನೇ ಎದ್ದು ಟಿವಿ ಆರಿಸಿದ. ಕಪ್ಪು ತೆರೆಯ ಮುಂದೆ ನಿಂತು, "ಡಿಪೋದವರು ಸರಿಯಾಗೇ ಮಾಡಿದ್ರು," ಎಂದ. ಆ ಮೇಲೆ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

"ಒಳ್ಳೇದಕ್ಕೇ ತಂದಿದ್ದು ನೀನು," ಎಂದು ಅಮ್ಮ ಮಗಳ ಬೆನ್ನು ಸವರಿದಳು. ಮಗಳು ಕ್ಲ್ಯಾಂಪು ಬಿಚ್ಚಿದಳು, ತಂತಿಗಳನ್ನು ಸುತ್ತಿದಳು, ಎಲ್ಲವನ್ನೂ ಪೆಟ್ಟಿಗೆಯಲ್ಲಿ ಮೊದಲು ಇದ್ದ ಹಾಗೇ ಜೋಡಿಸಿದಳು. ಕಣ್ಣು ಮಂಜಾಗಿ ಒಂದು ಸ್ಕ್ರೂ ಎಲ್ಲಿಟ್ಟೆನೆಂದು ತಿಳಿಯದೆ ನೆಲ ತಡಕಿದಳು. ಅಪ್ಪನ ಕಣ್ಣು ಎಷ್ಟು ಹೋಗಿದೆ ಎಂದು ಅವನಿಗೇ ತೋರಿಸಿಕೊಡುವ ವಸ್ತುವನ್ನು ತಾನು ಹುಡುಕಿ, ಕಾಲಿನಿಂದ ತುಳಿದು ಪರೀಕ್ಷಿಸಿ, ಬಣ್ಣದ ಕಾಗದ ಸುತ್ತಿಸಿ ತಂದಿದ್ದಳು. ಪೆಟ್ಟಿಗೆ ಮುಚ್ಚುವಾಗ ರಸೀದಿ ಕೈಗೆ ಸಿಕ್ಕಿತು. ಏಳು ದಿನದೊಳಗೆ ತಂದರೆ ಬದಲಾಯಿಸಿ ಕೊಡಲಾಗುವುದು.

ಸೋಮವಾರ ಕೆಲಸ ಮುಗಿಸಿ ಬಂದವಳೇ ಕೈಚೀಲ ಕೂಡ ಕೆಳಗಿಡದೆ ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತಳು.

"ಅಪ್ಪಾ, ಅದನ್ನ ಕೊಟ್ಟು ಬೇರೆ ತರೋಣ. ನೀನೂ ಬಾ."

"ನನಗೇನೂ ಬೇಡ."

"ನಾನು ಆರಿಸಿದ್ದು ತಪ್ಪಾಯ್ತು. ಮತ್ತೆ ನಾನೇ ಆರಿಸಿದ್ರೆ ಅದೂ ತಪ್ಪಾಗತ್ತೆ. ನಿನಗೆ ಏನು ಕಾಣತ್ತೆ, ಏನು ಕಾಣಲ್ಲ ಅಂತ ನನಗೇನು ಗೊತ್ತು? ನೀನೇ ಬರ್ಬೇಕು."

"ಬರಲ್ಲ ಅಂದ್ನಲ್ಲ."

"ಸರಿ, ನಾಳೆ ಕೇಳ್ತೀನಿ."

ಮಂಗಳವಾರ ಕೇಳಿದಳು. ಬುಧವಾರ ಕೇಳಿದಳು. ಆ ದಿನ ಅಪ್ಪ ರೇಗಿ, "ನಿನಗೆ ಬೇರೆ ಕೆಲಸ ಇಲ್ವಾ?" ಎಂದ. "ಇದೆ. ಹನ್ನೊಂದು ಲಿಫ್ಟು ನೋಡ್ಕೊಂಡು ಬಂದೆ. ಇದು ಹನ್ನೆರಡನೇದು. ಮಧ್ಯದಲ್ಲಿ ಸಿಕ್ಕಾಕ್ಕೊಂಡಿದೆ," ಎಂದಳು. ಅಪ್ಪನಿಗೆ ನಗು ಬಂದಿರಬೇಕು, ಗೋಡೆಯ ಕಡೆ ತಿರುಗಿದ. ಗುರುವಾರ, "ಕಾರಲ್ಲಾದ್ರೆ ನೋಡೋಣ," ಎಂದ. "ಬಸ್ಸಲ್ಲಿ," ಎಂದಳು ಮಗಳು. ಅವನು ಹೊದಿಕೆ ಎಳೆದುಕೊಂಡ.

ಶುಕ್ರವಾರ ಅವಳು ಮನೆಗೆ ಬಂದಾಗ ಅಪ್ಪ ಹೊರಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದ. ಕಾಲಲ್ಲಿ ಪಾಲಿಶ್ ಮಾಡಿದ ಶೂ, ತೊಡೆಯ ಮೇಲೆ ಸ್ಟೀರಿಂಗಿನ ಪೆಟ್ಟಿಗೆ.

"ಮೂರು ಗಂಟೆಯಿಂದ ಹೀಗೇ ಕೂತಿದ್ದಾರೆ," ಎಂದು ಅಮ್ಮ ಪಿಸುಗುಟ್ಟಿದಳು. "ಕಾಫಿ ಕೂಡ ಅಲ್ಲೇ ಕುಡಿದ್ರು."

"ಐದೂ ನಲವತ್ತರ ಗಾಡಿ ಇದೆ. ನಡಿ," ಎಂದ ಅಪ್ಪ.

ಗಾಡಿ ಐದೂ ನಲವತ್ತಾರಕ್ಕೆ ಬಂತು. ಅಪ್ಪ ಆ ಆರು ನಿಮಿಷಕ್ಕೆ ಹುಡುಗ ಡ್ರೈವರನ ಇಡೀ ತಲೆಮಾರನ್ನೇ ಜರೆದ. ಹತ್ತುವಾಗ ಮೆಟ್ಟಿಲ ಬಳಿ ಒಂದು ಕ್ಷಣ ಅವನ ಕಾಲು ತಡೆಯಿತು. ಅಭ್ಯಾಸ ಬಲದಿಂದ ಕಣ್ಣು ಡ್ರೈವರನ ಸೀಟಿನ ಕಡೆ ಹೋಗಿತ್ತು. ಮಗಳು ಪೆಟ್ಟಿಗೆಯನ್ನು ಒಂದು ಕಂಕುಳಲ್ಲಿ ಒತ್ತಿಕೊಂಡು, ಇನ್ನೊಂದು ಕೈ ಅವನ ಮೊಣಕೈಗೆ ಕೊಟ್ಟಳು. ಅವನು ಅದನ್ನು ಹಿಡಿಯಲಿಲ್ಲ, ತಳ್ಳಲೂ ಇಲ್ಲ. ಹತ್ತಿದ.

ದಾರಿಯುದ್ದಕ್ಕೂ ಪ್ರತಿ ನಿಲ್ದಾಣಕ್ಕೆ ಹತ್ತು ಮಾರು ಮೊದಲೇ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು. "ಕ್ಲಚ್ಚಿನ ಮೇಲೆ ಕಾಲಿಟ್ಕೊಂಡೇ ಓಡಿಸ್ತಾನೆ ಕತ್ತೆ," ಎಂದು ಗೊಣಗಿದ. ತುಸು ಹೊತ್ತಾದ ಮೇಲೆ, "ತಿರುವು ಮಾತ್ರ ಚೆನ್ನಾಗಿ ತಗೊಂಡ," ಎಂದ.

ಅಂಗಡಿಯ ಸೇಲ್ಸ್‌ಮನ್ ಮಗಳನ್ನು ಗುರುತು ಹಿಡಿದು ನಕ್ಕ. "ಬ್ರೇಕ್ ಮತ್ತೆ ಮೆತ್ತಗಾಯ್ತಾ ಮೇಡಂ?" ಅಪ್ಪನನ್ನು ಕಂಡು ಧ್ವನಿ ಬದಲಿಸಿ, "ಬನ್ನಿ ಸರ್, ಬನ್ನಿ. ನಿಮಗೆ ಇದು ನೋಡಿ," ಎಂದು ಗೋಡೆಯ ಅರ್ಧ ಆವರಿಸಿದ್ದ ಟಿವಿಯ ಮುಂದೆ ನಿಲ್ಲಿಸಿದ. "ಮನೇಲೇ ಥಿಯೇಟರಿದ್ದ ಹಾಗೆ. ಇದರಲ್ಲಿ ಯಾವ ಆಟ ಆಡಿದ್ರೂ ಒಳಗೇ ಹೋದ ಹಾಗೆ ಇರತ್ತೆ."

ಅಪ್ಪ ನೋಡಿದ. ಮಗಳು ಅವನ ಪಕ್ಕದಲ್ಲಿ ತುಟಿ ಬಿಗಿದು ನಿಂತಿದ್ದಳು. ತಾನು ಬಾಯಿ ಹಾಕಬಾರದು ಎಂದು ಬಸ್ಸಿನಲ್ಲೇ ನಿರ್ಧರಿಸಿದ್ದಳು.

"ಇದರ ನಾಲ್ಕು ಮೂಲೇಲಿ ಏನಿದೆ?" ಎಂದು ಕೇಳಿದ ಅಪ್ಪ.

"ಸರ್?"

"ನನಗೆ ಪಕ್ಕದ್ದು ಕಾಣಲ್ಲ." ಅಪ್ಪ ಪ್ರತಿ ಪದವನ್ನೂ ಬಿಡಿಬಿಡಿಯಾಗಿ, ನಿಲ್ದಾಣದ ಹೆಸರು ಕೂಗಿದಷ್ಟು ಸ್ಪಷ್ಟವಾಗಿ ಹೇಳಿದ. "ಎರಡೂ ಕಡೆ. ಎದುರಿಗಿರೋದು ಮಾತ್ರ ಕಾಣತ್ತೆ. ಕಾಣದಿರೋ ಮೂಲೆಗಳನ್ನ ತಗೊಂಡು ಏನು ಮಾಡ್ಲಿ? ಪೂರ್ತಿ ಕಾಣೋ ಅಂಥದ್ದು ಏನಿದೆ ತೋರ್ಸು."

ಎಂಟು ತಿಂಗಳಲ್ಲಿ ಅಪ್ಪ ಆ ಮಾತನ್ನು ಯಾರಿಗೂ ಹೇಳಿರಲಿಲ್ಲ. ಮಗಳು ಟಿವಿಯಲ್ಲಿ ಸುರಿಯುತ್ತಿದ್ದ ಜಲಪಾತದ ಕಡೆ ಮುಖ ತಿರುಗಿಸಿದಳು.

ಸೇಲ್ಸ್‌ಮನ್‌ನ ನಗು ಮಾಯವಾಯಿತು, ಆದರೆ ಅವನು ಕೆಲಸ ಬಲ್ಲವನು. ಅಪ್ಪನನ್ನು ಕೂರಿಸಿ, ಎರಡು ಕೈಯಲ್ಲಿ ಹಿಡಿದು ಆಡುವ ಪುಟ್ಟ ಆಟದ ಪೆಟ್ಟಿಗೆಯೊಂದನ್ನು ತಂದ. ಅದರ ತೆರೆ ಅಂಗೈಯಗಲ. "ಅಂಚು ಕಾಣತ್ತಾ ಸರ್?" ಎಂದು ಕೇಳುತ್ತಾ ಅದನ್ನು ಅಪ್ಪನ ಮುಖದಿಂದ ಹಿಂದಕ್ಕೆ, ಮುಂದಕ್ಕೆ ಸರಿಸಿದ. ಮೊಣಕೈ ಮಡಚಿದಷ್ಟು ದೂರದಲ್ಲಿ ಅಪ್ಪ, "ಇಲ್ಲಿ. ನಾಲ್ಕೂ ಮೂಲೆ ಕಾಣತ್ತೆ," ಎಂದ.

ಕಾರಿನ ಓಟದ ಆಟ ತೋರಿಸಿದಾಗ ಅಪ್ಪ ತಲೆ ಅಲ್ಲಾಡಿಸಿದ. "ಓಡಿಸಿದ್ದು ಸಾಕು." ಕಾಲ್ಚೆಂಡು ಬೇಡವೆಂದ. ಬಂದೂಕಿನ ಆಟಕ್ಕೆ, "ನನ್ನ ಪ್ರಯಾಣಿಕರು ಬಯ್ತಿದ್ದದ್ದೇ ಸಾಕಾಗಿತ್ತು," ಎಂದ. ಆರನೆಯದು ಮೀನು ಹಿಡಿಯುವ ಆಟ. ಒಂದು ಕೆರೆ, ಒಂದು ದೋಣಿ, ನೀರಿನ ಮೇಲೆ ಗಾಳದ ಒಂದು ಕೆಂಪು ಬೆಂಡು. ಅಪ್ಪ ಗುಂಡಿ ಒತ್ತಿ ದಾರ ಎಸೆದ. ಏನೂ ಆಗಲಿಲ್ಲ. ಬೆಂಡು ಸುಮ್ಮನೆ ತೇಲುತ್ತಿತ್ತು.

"ಕೆಟ್ಟೋಯ್ತಾ?"

"ಇಲ್ಲ ಸರ್. ಮೀನು ಬರೋವರೆಗೂ ಕಾಯ್ಬೇಕು."

"ಎಷ್ಟು ಹೊತ್ತು?"

"ಅದಕ್ಕೆ ಲೆಕ್ಕ ಇಲ್ಲ."

"ಟೈಮು ಮುಗೀತು ಅಂತ ಯಾರೂ ಬೆಲ್ ಹೊಡೆಯಲ್ವಾ?"

"ಇದರಲ್ಲಿ ಬೆಲ್ಲೇ ಇಲ್ಲ ಸರ್."

ಅಪ್ಪ ಬೆಂಡನ್ನೇ ನೋಡುತ್ತಾ ಕೂತ. ಅಂಗಡಿಯಲ್ಲಿ ಜನ ಬಂದರು, ಹೋದರು. ಸೇಲ್ಸ್‌ಮನ್ ಇನ್ನಿಬ್ಬರಿಗೆ ಹೆಡ್‌ಫೋನು ಕಟ್ಟಿಕೊಟ್ಟು ಬಂದ. ಮಗಳು ಕಾಲು ಬದಲಿಸಿ ನಿಂತಳು. ಕೊನೆಗೆ ಬೆಂಡು ಮುಳುಗಿತು. ಅಪ್ಪ ಗಾಬರಿಯಲ್ಲಿ ತಪ್ಪು ಗುಂಡಿ ಒತ್ತಿದ, ಮೀನು ಬಾಲ ಬಡಿದು ಹೋಯಿತು.

"ಥತ್! ನೋಡಿದ್ಯಾ? ಇಷ್ಟುದ್ದ ಇತ್ತು," ಎಂದು ಮಗಳತ್ತ ತಿರುಗಿ ಕೈ ಅಗಲಿಸಿದ. ಪೆಟ್ಟಿಗೆಯಲ್ಲಿದ್ದ ಮೀನು ಹೆಬ್ಬೆರಳಿನಷ್ಟೂ ಇರಲಿಲ್ಲ. ಮಗಳು, "ಹೂಂ, ಅಷ್ಟುದ್ದ ಇತ್ತು," ಎಂದಳು.

"ಇದನ್ನ ಕಟ್ಟಪ್ಪಾ," ಎಂದ ಅಪ್ಪ ಸೇಲ್ಸ್‌ಮನ್ನಿಗೆ.

ಹಿಂದಿರುಗುವಾಗ ಇನ್ನೂ ಬೆಳಕಿತ್ತು, ಬಸ್ಸು ಅರ್ಧ ಖಾಲಿಯಿತ್ತು. ಅಪ್ಪ ಕಿಟಕಿಯ ಪಕ್ಕ ಕೂತ. ಅದು ಅವನು ಮೂವತ್ತೊಂದು ವರ್ಷ ಓಡಾಡಿದ ದಾರಿ. ಸ್ವಲ್ಪ ದೂರ ಹೋದ ಮೇಲೆ ಅವನು ಕತ್ತು ಪೂರ್ತಿ ಹೊರಗೆ ತಿರುಗಿಸಿ, "ಆ ಕಟ್ಟಡದ ಮೇಲೆ ಗಿಡ ಯಾವಾಗ ಹಾಕಿದ್ರು?" ಎಂದ.

"ಮೊದ್ಲಿಂದಾನೂ ಇದೆ ಅಪ್ಪಾ. ನಾನು ಸ್ಕೂಲಿಗೆ ಹೋಗುವಾಗ್ಲೂ ಇತ್ತು."

"ಹೌದಾ?" ಎಂದು ಅವನು ಮೇಲೆ ನೋಡಿದ. ಮುಂದಿನ ನಿಲ್ದಾಣದಲ್ಲಿ ಡ್ರೈವರು ಜೋರಾಗಿ ಬ್ರೇಕ್ ಹಾಕಿದ. ಅಪ್ಪನ ಕಾಲು ಕದಲಲಿಲ್ಲ. ಎದುರಿನ ಮನೆಯ ಎರಡನೇ ಮಹಡಿಯಲ್ಲಿ ಯಾರೋ ಒಗೆದ ಬಿಳಿ ಚಾದರವೊಂದನ್ನು ಕೊಡವುತ್ತಿದ್ದರು. ಅದು ಗಾಳಿ ತುಂಬಿಕೊಂಡು ಉಬ್ಬುವುದನ್ನು, ಮೆಲ್ಲಗೆ ಇಳಿಯುವುದನ್ನು, ಮತ್ತೆ ಉಬ್ಬುವುದನ್ನು, ಬಸ್ಸು ಹೊರಟ ಮೇಲೂ ಅವನು ಕತ್ತು ಹೊರಳಿಸಿ ನೋಡುತ್ತಿದ್ದ.