ಉಗುಳುವ ಸರದಿ

ಬಿರಡೆ ಅರ್ಧಕ್ಕೇ ಮುರಿಯಿತು. ಮೇಲಿನ ತುಂಡು ತಿರುಪಿನ ತುದಿಗೆ ಅಂಟಿಕೊಂಡು ಬಂತು, ಕೆಳಗಿನದು ವೈನ್ ಬಾಟಲಿಯ ಕುತ್ತಿಗೆಯಲ್ಲೇ ಉಳಿಯಿತು. ಮುದ್ರಣದ ಪ್ರೆಸ್ಸಿನವನು ಕೈಗೆ ಬಂದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ತಪ್ಪು ತನ್ನದಲ್ಲ ಎನ್ನುವ ಹಾಗೆ ಎಲ್ಲರ ಮುಖ ನೋಡಿದ.

"ಬೇರು ಒಳಗೇ ಉಳೀತು. ಇದು ನನ್ನ ಕೇಸಲ್ಲಪ್ಪ, ಹಲ್ಲಿನ ಡಾಕ್ಟ್ರೇ ನೋಡ್ಬೇಕು."

"ಮೂವತ್ತೈದು ವರ್ಷ ಕಂಡೋರ ಬಾಯಿಗೆಲ್ಲ ಕೈ ಹಾಕಿದೋರು, ಬಾಟಲಿ ಬಾಯಿ ಯಾವ ಮಹಾ," ಎಂದರು ಟೀಚರಮ್ಮ. ಅವರು ಪ್ರೆಸ್ಸಿನವನ ಹೆಂಡತಿ. ಶಾಲೆಯಿಂದ ನಿವೃತ್ತಿಯಾಗಿ ಆರು ವರ್ಷ ಕಳೆದಿದ್ದರೂ ಮಾತಿನಲ್ಲಿ ಬೆತ್ತ ಹಾಗೇ ಉಳಿದಿತ್ತು.

ಡಾಕ್ಟರು ಎರಡು ತೆಳು ಅಲಗಿನ ಚಿಮಟವನ್ನು ಬಿರಡೆಗೂ ಗಾಜಿಗೂ ನಡುವೆ ಇಳಿಸಿದರು. ಅತ್ತ ಒಂಚೂರು ಇತ್ತ ಒಂಚೂರು ಆಡಿಸಿ, ಅವಸರ ಮಾಡದೆ ತಿರುಗಿಸುತ್ತಾ ಎಳೆದರು. ನೆನೆದು ಕಪ್ಪುಗೆಂಪಾದ ತುಂಡು ಸದ್ದಿಲ್ಲದೆ ಹೊರಬಂತು.

"ಅರಿವಳಿಕೆ ಕೂಡ ಕೊಡ್ಲಿಲ್ಲ ನೋಡು, ಕಟುಕ!" ಎಂದ ಪ್ರೆಸ್ಸಿನವನು. ಎಲ್ಲರೂ ನಕ್ಕರು. ಮನೆಯೊಡತಿ ಅತ್ತಿಗೆಯೂ ನಕ್ಕರು. ಡಾಕ್ಟರ ಕಣ್ಣು ಮಾತ್ರ ಬಾಟಲಿ ಬಂದ ಪೆಟ್ಟಿಗೆಯ ಮೇಲಿತ್ತು. ಇದು ಹನ್ನೆರಡನೆಯದು, ಪೆಟ್ಟಿಗೆಯಲ್ಲಿ ಇನ್ನು ಒಣಹುಲ್ಲು ಬಿಟ್ಟರೆ ಏನೂ ಉಳಿದಿರಲಿಲ್ಲ.

ಪೆಟ್ಟಿಗೆ ತಂದವನು ಅತ್ತಿಗೆಯ ಗಂಡ, ಇವರೆಲ್ಲರ ಗೆಳೆಯ. ಬಂದರಿನಲ್ಲಿ ಸರಕು ತಪಾಸಣೆಯ ಕೆಲಸ. ಹಡಗು ಕಟ್ಟೆ ಬಿಟ್ಟು ಒಂದು ಮಾರು ಸರಿದರೆ ಸಾಕು, ವಾಂತಿ ಮಾಡಿಕೊಳ್ಳುವ ಆಸಾಮಿ. ಅದಕ್ಕೇ ಗೆಳೆಯರು ಅವನಿಗೆ ಕಪ್ತಾನ ಎಂದು ಹೆಸರಿಟ್ಟಿದ್ದರು. ಸ್ಪೇನಿನ ಹಳೇ ಪದ್ಧತಿಯ ಕೆಂಪು ವೈನ್ ಎಂದರೆ ಅವನಿಗೆ ಪ್ರಾಣ. ಪೀಪಾಯಿಯಲ್ಲಿ ವರ್ಷಗಟ್ಟಲೆ, ಆಮೇಲೆ ಬಾಟಲಿಯಲ್ಲಿ ವರ್ಷಗಟ್ಟಲೆ ಮಲಗಿ, ಮನುಷ್ಯರ ಹಾಗೆಯೇ ಹುಮ್ಮಸ್ಸು ಕಳೆದುಕೊಂಡು ಮಾತು ಕಲಿತ ವೈನ್, ಎನ್ನುತ್ತಿದ್ದ. ಇವರ ಕೂಟಕ್ಕೆ ಎರಡು ಕಟ್ಟಳೆ ಮಾಡಿದವನೂ ಅವನೇ. ಒಂದು, ರುಚಿ ನೋಡಿ ಚೀಟಿಯಲ್ಲಿ ಬರೆಯುವ ತನಕ ಯಾರೂ ತುಟಿ ಬಿಚ್ಚಬಾರದು. ಎರಡು, ಕಾರು ಓಡಿಸುವವನು ಬಾಯಲ್ಲಿ ಆಡಿಸಿ ಪಿಂಗಾಣಿ ಜಗ್ಗಿಗೆ ಉಗುಳಬೇಕು, ನುಂಗಬಾರದು. ಕಾರಿದ್ದದ್ದು ಡಾಕ್ಟರೊಬ್ಬರಿಗೇ. "ವಾರವೆಲ್ಲ ಬೇರೆಯವರಿಗೆ 'ಉಗುಳಿ' ಅನ್ನೋನು ರಜಾ ದಿನ ತಾನೂ ಉಗುಳಲಿ" ಎಂದು ಕಪ್ತಾನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಈ ಪೆಟ್ಟಿಗೆಯ ಮೊದಲ ಬಾಟಲಿ ತೆಗೆದದ್ದು ಹನ್ನೊಂದು ವರ್ಷದ ಹಿಂದೆ, ಪ್ರೆಸ್ಸಿನವನ ಮನೆಯಲ್ಲಿ, ಹೀಗೇ ಒಂದು ಮಧ್ಯಾಹ್ನ. ಅತ್ತಿಗೆ ಕೋರ್ಟಿನಲ್ಲಿ ಬೆರಳಚ್ಚಿನ ಕೆಲಸ ಮಾಡುತ್ತಿದ್ದರು, ಆ ದಿನ ಬಂದಿರಲಿಲ್ಲ. ಡಾಕ್ಟರು ಮೊದಲ ಗುಟುಕನ್ನು ಬಾಯಲ್ಲಿ ಆಡಿಸಿ ಜಗ್ಗನ್ನು ಹತ್ತಿರಕ್ಕೆ ಎಳೆದುಕೊಂಡಿದ್ದರು. ಆಮೇಲೆ ಏನಾಯಿತೋ ಅವರಿಗೇ ಗೊತ್ತಿಲ್ಲ. ಗಂಟಲು ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಅಂಥದ್ದನ್ನು ಉಗುಳುವುದು ಪಾಪ ಎನ್ನಿಸಿಬಿಟ್ಟಿತು. ಜಗ್ಗಿನ ಮೇಲೆ ಬಗ್ಗಿ, ಉಗುಳಿದವರ ಹಾಗೆ ಬಾಯಿ ಒರೆಸಿಕೊಂಡರು. ಎರಡನೆಯ ಗ್ಲಾಸೂ ಹಾಗೇ ಹೋಯಿತು, ಮೂರನೆಯದೂ ಹೋಯಿತು. ತಲೆ ಎತ್ತಿದರೆ ಎದುರಿಗೆ ಕಪ್ತಾನ. ಅವನ ಕಣ್ಣು ಡಾಕ್ಟರ ಗಂಟಲ ಗಂಟಿನ ಮೇಲೆ ನೆಟ್ಟಿತ್ತು. ಮುಗುಳ್ನಕ್ಕು, ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಗೀಚಿದ. ಅರ್ಧ ಗಂಟೆಯ ಮೇಲೆ ಕಾರಿನಲ್ಲಿ ಡಾಕ್ಟರ ಪಕ್ಕದ ಸೀಟಿಗೆ ಬಂದು ಕೂತ.

ಪೇಟೆ ದಾಟಿದ ಮೇಲಿನ ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತಿತ್ತು. ಡಾಕ್ಟರಿಗೆ ಮೂರು ಪಕ್ಕೆಲುಬು ಮುರಿದವು. ಕಪ್ತಾನ ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟಿದ್ದ. ಕೇಳಿದವರಿಗೆಲ್ಲ ಪ್ರೆಸ್ಸಿನವನು ಎದೆ ತಟ್ಟಿ ಹೇಳಿದ, "ಡಾಕ್ಟ್ರು ಒಂದು ಹನಿ ನುಂಗಲ್ಲ ಸ್ವಾಮಿ. ಉಗುಳೋದನ್ನ ನಾನೇ ಕಣ್ಣಾರೆ ನೋಡಿದೀನಿ." ಗೆಳೆಯನ ಮಾತನ್ನು ಎಲ್ಲರೂ ನಂಬಿದರು. ತಪ್ಪು ಲಾರಿಯದೇ ಎಂದಾಯಿತು. ಡಾಕ್ಟರು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಪಾಪ, ಮಾತಾಡಲಾಗದಷ್ಟು ನೋವು ಎಂದುಕೊಂಡರು ಜನ.

ಡಾಕ್ಟರು ದೆವ್ವ ಭೂತ ನಂಬುವವರಲ್ಲ. ಆದರೂ ಕಪ್ತಾನ ಅವರನ್ನು ಬಿಡಲಿಲ್ಲ. ಕ್ಲಿನಿಕ್ಕಿನಲ್ಲಿ ರೋಗಿಯ ಬಾಯಿಗೆ ನೀರು ಹಾಕಿ "ಉಗುಳಿ" ಎಂದ ಕೂಡಲೇ ಬೆನ್ನ ಹಿಂದೆ ಒಂದು ಸಣ್ಣ ನಗು ಕೇಳುತ್ತಿತ್ತು. ಬೇಸಿನ್ನಿನಲ್ಲಿ ನೀರು ತಿಳಿಗೆಂಪಾಗಿ ಸುತ್ತಿ ಇಳಿಯುವಾಗ ಒಣಗಿದ ಕಿತ್ತಳೆ ಸಿಪ್ಪೆಯ ವಾಸನೆ ಬರುತ್ತಿತ್ತು. ಔಷಧಿಯ ಬಾಟಲಿಗಳನ್ನೆಲ್ಲ ಮೂಸಿ ನೋಡಿದ್ದರು, ಯಾವುದರಲ್ಲೂ ಆ ವಾಸನೆ ಇರಲಿಲ್ಲ. ಬೆಳಿಗ್ಗೆ ಗಡ್ಡ ಹೆರೆಯುವಾಗ ಬ್ಲೇಡು ಗಂಟಲ ಹತ್ತಿರ ಬಂತೆಂದರೆ ಕನ್ನಡಿಯೊಳಗಿಂದ ಯಾರೋ ಅದನ್ನೇ ನೋಡುತ್ತಿದ್ದಾರೆ ಎನ್ನಿಸಿ ಕೈ ತಡೆಯುತ್ತಿತ್ತು. ಕಾರು ಮಾರಿದರು. ಹೆಂಡತಿಗೂ ಬಾಯಿ ಬಿಡಲಿಲ್ಲ. ಅವಳು ತೀರಿಕೊಂಡ ಮೇಲೆ ಹೇಳಿಕೊಳ್ಳಲು ಯಾರೂ ಇರಲಿಲ್ಲ.

ವರ್ಷಕ್ಕೊಮ್ಮೆ, ಅದೇ ತಾರೀಖಿಗೆ, ಅತ್ತಿಗೆ ಮೂವರನ್ನೂ ಕರೆದು ಒಂದು ಬಾಟಲಿ ತೆಗೆಯುತ್ತಿದ್ದರು. ಇವತ್ತು ಹೇಳಿಬಿಡಬೇಕು ಎಂದುಕೊಂಡು ಡಾಕ್ಟರು ಮೂರು ಮಹಡಿ ಹತ್ತುವರು. ಮುಂದಿನ ವರ್ಷ ಹೇಳಿದರಾಯಿತು ಎಂದುಕೊಂಡು ಇಳಿಯುವರು. ಮುಂದಿನ ವರ್ಷಕ್ಕೆ ಇನ್ನು ಬಾಟಲಿ ಇರಲಿಲ್ಲ.

ಅತ್ತಿಗೆ ತೆಳುಬಟ್ಟೆಯಲ್ಲಿ ಗಸಿ ಸೋಸಿ ನಾಲ್ಕು ಗ್ಲಾಸಿಗೂ ಬಗ್ಗಿಸಿದರು. ಅಂಚಿನಲ್ಲಿ ವೈನು ಹಳೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಗೋಡೆ ಗಡಿಯಾರದ ಟಿಕ್‌ಟಿಕ್, ಪೆನ್ಸಿಲ್ಲಿನ ಸರಸರ. ಡಾಕ್ಟರು ಗ್ಲಾಸು ಎತ್ತಿದರು. ಕಿಟಕಿಯ ಪಕ್ಕದ ಖಾಲಿ ಕುರ್ಚಿಯ ಕಡೆ ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಯಿತು. ಅಲ್ಲಿ ಅವನು ಕೂತಿದ್ದ ಎನ್ನುವಂತಿಲ್ಲ. ಆದರೆ ಅವನ ನೋಟ ಇತ್ತು. ಡಾಕ್ಟರು ಬಾಯಲ್ಲಿದ್ದದ್ದಷ್ಟನ್ನೂ ಜಗ್ಗಿಗೆ ಉಗುಳಿ, ನಾಲಗೆಯನ್ನೂ ಕರವಸ್ತ್ರದಲ್ಲಿ ಒರೆಸಿಕೊಂಡರು.

"ಹನ್ನೊಂದು ವರ್ಷದಿಂದ ಸೈಕಲ್ಲೂ ಮುಟ್ಟಿಲ್ಲ, ಇನ್ನೂ ಉಗುಳ್ತಾನೆ," ಚೀಟಿ ಮಡಿಸುತ್ತಾ ಪ್ರೆಸ್ಸಿನವನು ಹೇಳಿದ. "ಏನಯ್ಯಾ, ವಾಪಸ್ ಹೋಗೋ ಬಸ್ಸು ನೀನೇ ಓಡಿಸ್ತೀಯಾ?"

"ಸುಮ್ನಿರಿ, ಅವರವರ ವ್ರತ ಅವರವರಿಗೆ," ಎಂದು ಟೀಚರಮ್ಮ ಗದರಿ ತಮ್ಮ ಚೀಟಿ ಓದಿದರು. "ವಯಸ್ಸಾಗಿದೆ, ಮರ್ಯಾದೆ ಉಳಿಸಿಕೊಂಡಿದೆ."

ಪ್ರೆಸ್ಸಿನವನ ಚೀಟಿಯಲ್ಲಿ, "ಅಜ್ಜಿ ಪೆಟ್ಟಿಗೆ ತೆಗೆದ ಹಾಗಿದೆ. ವಾಸನೆ ಉಂಟು, ಒಡವೆ ಇಲ್ಲ." ಅತ್ತಿಗೆಯ ಚೀಟಿಯಲ್ಲಿ ಒಂದೇ ಮಾತು. "ಆರಿಹೋಗಿದೆ."

ಡಾಕ್ಟರ ಚೀಟಿ ಖಾಲಿ ಇತ್ತು. ಅದನ್ನು ಪ್ರೆಸ್ಸಿನವನು ಹಿಂದೆ ಮುಂದೆ ತಿರುಗಿಸಿ, "ಸೊನ್ನೆ ಅಂಕ" ಎಂದು ಟೀಚರಮ್ಮನ ಕೈಗೆ ಕೊಟ್ಟ.

ನಾಲ್ಕೂವರೆಗೆ ಗಂಡ ಹೆಂಡತಿ ಎದ್ದರು. ಬಸ್ಸಿನಲ್ಲಿ ಸೀಟು ಹಿಡಿದಿರುತ್ತೇವೆ, ಬೇಗ ಬಾ ಎಂದು ಹೇಳಿ ಮೆಟ್ಟಿಲಿಳಿದರು. ಟೀಚರಮ್ಮ ಮಂಡಿನೋವಿಗೆ ಗಂಡನನ್ನು ಬೈಯುವುದು ಕೆಳಗಿನ ತನಕ ಕೇಳಿಸುತ್ತಿತ್ತು. ಡಾಕ್ಟರು ಕೋಟು ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ನಿಂತರು. ಅತ್ತಿಗೆ ಗ್ಲಾಸುಗಳನ್ನು ತಟ್ಟೆಗೆ ಜೋಡಿಸುತ್ತಿದ್ದರು.

"ಅತ್ತಿಗೆ, ಅವತ್ತು ನಾನು ಉಗುಳ್ಲಿಲ್ಲ."

ಅತ್ತಿಗೆ ಕೈಯಲ್ಲಿದ್ದ ಗ್ಲಾಸನ್ನು ತಟ್ಟೆಯಲ್ಲಿಟ್ಟರು. ಅದು ಅಲುಗಲಿಲ್ಲ.

"ಹೇಳಿ."

"ಮೂರು ಗ್ಲಾಸು ಕುಡಿದಿದ್ದೆ. ಉಗುಳಿದ ಹಾಗೆ ನಟನೆ ಮಾಡ್ದೆ. ಆಮೇಲೆ ಕಾರು ತೆಗೆದೆ. ಲಾರಿ ಕಂಡಿತ್ತು ಅತ್ತಿಗೆ, ಬ್ರೇಕೂ ಒತ್ತಿದೆ. ಒತ್ತಿದ್ದು ತಡ ಆಯ್ತೋ, ಕುಡೀದೇ ಇದ್ದಿದ್ರೂ ಹಾಗೇ ಆಗ್ತಿತ್ತೋ, ಇವತ್ತಿನ ತನಕ ನನಗೆ ಗೊತ್ತಾಗಿಲ್ಲ." ಇನ್ನೂ ಏನೇನೋ ಹೇಳಬೇಕೆಂದು ವರ್ಷಗಟ್ಟಲೆ ಮನಸ್ಸಿನಲ್ಲೇ ಉರುಹೊಡೆದಿದ್ದರು. ಕ್ಷಮಿಸಿ ಎನ್ನುವ ಪದವೂ ಅದರಲ್ಲಿತ್ತು. ಈಗ ಒಂದೂ ಬಾಯಿಗೆ ಬರಲಿಲ್ಲ.

ಅತ್ತಿಗೆ ಕಪಾಟಿನ ಖಾನೆಯಿಂದ ಅಂಗೈಯಗಲದ ಪುಸ್ತಕವೊಂದನ್ನು ತಂದು ಮೇಜಿನ ಮೇಲೆ ಬಿಡಿಸಿದರು. ಕಪ್ತಾನನ ಅವಸರದ ಅಕ್ಷರ. *ಡಾಕ್ಟ್ರು ನುಂಗಿಬಿಟ್ಟ! ಒಂದಲ್ಲ, ಮೂರು ಗ್ಲಾಸು. ಈ ವೈನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಾ? ಕಂಡರೂ ಕಾಣದ ಹಾಗೆ ಇದ್ದೆ.* ಅದರ ಕೆಳಗೆ ಪುಟ ಖಾಲಿ.

"ಜೇಬಲ್ಲಿ ಇತ್ತಂತೆ," ಎಂದರು ಅತ್ತಿಗೆ. "ಆಸ್ಪತ್ರೆಯೋರು ಬಟ್ಟೆ ಜೊತೆ ಕೊಟ್ಟರು. ಅವತ್ತು ರಾತ್ರೀನೇ ಓದಿದೆ."

ಡಾಕ್ಟರು ಕುರ್ಚಿಯ ಬೆನ್ನು ಹಿಡಿದುಕೊಂಡರು. "ಗೊತ್ತಿತ್ತಾ? ಅವತ್ತಿನಿಂದ?"

"ಗೊತ್ತಿತ್ತು."

"ಮತ್ತೆ ಯಾಕೆ ನನ್ನನ್ನ ವರ್ಷ ವರ್ಷ ಕರೆದ್ರಿ?"

"ಮೂವತ್ತು ವರ್ಷ ಕೋರ್ಟಲ್ಲಿ ಕೂತು ಬೇರೆಯವರ ಮಾತು ಟೈಪು ಮಾಡ್ದೋಳು ನಾನು. ಸಾಕ್ಷಿ ಬಾಯಿಗೆ ಮಾತು ತುರುಕಬಾರದು, ಅವನೇ ಹೇಳ್ಬೇಕು. ಹೇಳೋ ತನಕ ಬೆರಳು ಎತ್ತಿ ಕೂತಿರಬೇಕು." ಅವರ ದನಿ ಏರಲಿಲ್ಲ. "ಒಂದೊಂದು ಬಾಟಲಿ ತೆಗೆದಾಗ್ಲೂ, ಈ ಸಲ ಹೇಳ್ತೀರಿ ಅಂದ್ಕೋತಿದ್ದೆ. ನೀವು ಕರವಸ್ತ್ರದಲ್ಲಿ ನಾಲಗೆ ಒರೆಸ್ಕೊಂಡು ಹೊರಟುಹೋಗ್ತಿದ್ರಿ. ಪೆಟ್ಟಿಗೇಲಿ ಎರಡು ಉಳಿದಾಗ ನನಗೇ ಭಯ ಆಯ್ತು ಡಾಕ್ಟ್ರೇ. ಎಲ್ಲಿ ಹೇಳದೇನೇ ಮುಗಿದುಹೋಗುತ್ತೋ ಅಂತ."

ಡಾಕ್ಟರು ಅತ್ತರು. ಎಷ್ಟೋ ಜನ ಅವರ ಮುಂದೆ ಬಾಯಿ ತೆರೆದು ಅತ್ತಿದ್ದರು, ತಾವು ಹೀಗೆ ಇನ್ನೊಬ್ಬರ ಮುಂದೆ ಅತ್ತದ್ದು ಅವರಿಗೆ ನೆನಪಿರಲಿಲ್ಲ. ಅತ್ತಿಗೆ ಸಮಾಧಾನ ಹೇಳಲಿಲ್ಲ. ನೀರು ತಂದುಕೊಟ್ಟು, ಅವರು ಕುಡಿಯುವ ತನಕ ಎದುರಿಗೆ ಕೂತಿದ್ದರು.

"ಒಂದು ಮಾತು ಕೇಳ್ತೀನಿ," ಎಂದರು ಆಮೇಲೆ. "ಸುಳ್ಳು ಹೇಳ್ಬೇಡಿ. ಹೇಗಿತ್ತು?"

"ಏನು?"

"ಅವತ್ತಿನ ವೈನು. ಅವರು ಇದರಲ್ಲಿ ಎಲ್ಲ ಬರೆದಿದಾರೆ, ಅದೊಂದು ಬರೆದಿಲ್ಲ. ಹನ್ನೊಂದು ಬಾಟಲೀಲೂ ಹುಡುಕಿದೆ, ನನಗೆ ಸಿಗಲಿಲ್ಲ. ಏನಿತ್ತು ಅದರಲ್ಲಿ, ನೀವು ನುಂಗೋ ಅಷ್ಟು? ನೋಡಿಯೂ ಅವರು ಸುಮ್ಮನಿರೋ ಅಷ್ಟು?"

ಚೆನ್ನಾಗಿರಲಿಲ್ಲ ಎಂದುಬಿಟ್ಟರೆ ಆ ಹೆಂಗಸಿಗೆ ನೆಮ್ಮದಿಯಾದೀತೋ ಏನೋ ಎಂದು ಡಾಕ್ಟರಿಗೆ ಒಂದು ಗಳಿಗೆ ಅನ್ನಿಸಿತು. ಆದರೆ ಸುಳ್ಳು ಇಷ್ಟು ವರ್ಷಕ್ಕೆ ಸಾಕಾಗಿತ್ತು.

"ಚೆನ್ನಾಗಿತ್ತು ಅತ್ತಿಗೆ," ಎಂದರು. "ಮೊದಲು ಒಣಗಿದ ಕಿತ್ತಳೆ ಸಿಪ್ಪೆ. ಆಮೇಲೆ ಹಳೇ ಚರ್ಮದ ಚೀಲ ತೆಗೆದ ಹಾಗೆ. ಕೊಬ್ಬರಿ. ಹೊಗೆ. ನುಂಗಿದ ಮೇಲೂ ಹೋಗ್ಲಿಲ್ಲ, ಬಾಯಲ್ಲೇ ಇತ್ತು. ಕಾರು ಹತ್ತಿದಾಗ್ಲೂ ಇತ್ತು. ಇಬ್ಬರೂ ಅದರ ಮಾತೇ ಆಡ್ತಾ ಇದ್ವಿ. ಅವನು ತುಂಬ ಖುಷಿಯಾಗಿದ್ದ. ನನ್ನ ಜನ್ಮದಲ್ಲಿ ಅಷ್ಟು ಒಳ್ಳೇದು ನಾನು ಯಾವತ್ತೂ ಕುಡಿದಿಲ್ಲ."

ಅತ್ತಿಗೆ ಕಣ್ಣು ಮುಚ್ಚಿ ಕೇಳಿದರು. ಒಂದೊಂದು ಮಾತಿಗೂ ಅವರ ಬೆರಳು ಮೇಜಿನ ಬಟ್ಟೆಯ ಮೇಲೆ ತುಸುವೇ ಆಡುತ್ತಿತ್ತು. ಮುಗಿದ ಮೇಲೆ ಎದ್ದು ಗ್ಲಾಸಿನ ತಟ್ಟೆ ಎತ್ತಿಕೊಂಡರು.

"ಬಸ್ಸು ತಪ್ಪುತ್ತೆ, ಹೊರಡಿ. ಮುಂದಿನ ವರ್ಷ ಬರಬೇಡಿ ಡಾಕ್ಟ್ರೇ."

ಡಾಕ್ಟರು ತಲೆಯಾಡಿಸಿದರು. ಬಾಗಿಲನ್ನು ಹಿಂದಿನಿಂದ ಮೆಲ್ಲಗೆ ಎಳೆದುಕೊಂಡರು, ಅದು ಪೂರ್ತಿ ಕೂರಲಿಲ್ಲ. ಒಂದು ಸುತ್ತು ಮೆಟ್ಟಿಲಿಳಿದು ಕೋಟು ಹಾಕಿಕೊಳ್ಳಲು ನಿಂತರು. ಮೇಲೆ ನಲ್ಲಿ ಬಿಟ್ಟ ಸದ್ದು, ಗ್ಲಾಸಿಗೆ ಗ್ಲಾಸು ತಾಗುವ ಸದ್ದು. ಅದರ ನಡುವೆ ಅತ್ತಿಗೆಯ ದನಿ ಕೇಳಿಸಿತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೊದಲು ಮಾತು ಸ್ಪಷ್ಟವಾಗಲಿಲ್ಲ, ಆಮೇಲೆ ಆಯಿತು.

"ಡಾಕ್ಟ್ರು ಹೇಳಿದ್ದಾಯ್ತು," ಎನ್ನುತ್ತಿದ್ದರು ಅತ್ತಿಗೆ, ಪಕ್ಕದಲ್ಲಿ ನಿಂತವರಿಗೆ ಹೇಳುವಷ್ಟೇ ಮೆಲ್ಲಗೆ. "ಈಗ ನೀವು ಹೇಳಿ. ನೋಡಿದ್ರಿ ತಾನೆ? ನೋಡಿಯೂ ಯಾಕೆ ಕಾರು ಹತ್ತಿದ್ರಿ?"

ನಲ್ಲಿ ನಿಂತಿತು. ಕೆಳಗೆ ಬೀದಿಯಲ್ಲಿ ಬಸ್ಸು ಎರಡು ಸಲ ಹಾರ್ನ್ ಮಾಡಿತು. ಡಾಕ್ಟರು ಕಂಬಿ ಹಿಡಿದು, ಉಸಿರು ಕೂಡ ಸದ್ದು ಮಾಡದ ಹಾಗೆ, ಮೇಲಕ್ಕೆ ಕಿವಿಗೊಟ್ಟು ನಿಂತೇ ಇದ್ದರು.